ಹನ್ನರ್ ಹುಣ್ಣು

ಮೂತ್ರಕೋಶದ ಒಳಗೋಡೆಯಲ್ಲಿ ಏಳುವ, ಕ್ಯಾನ್ಸರ್ ಅಲ್ಲದ ಉರಿಯೂತದ ಗಾಯ. ಅಪರೂಪದ್ದು, ಹೆಂಗಸರಲ್ಲೇ ಹೆಚ್ಚು. ಮೂತ್ರಕೋಶ ತುಂಬಿದಂತೆಲ್ಲ ಕಿಬ್ಬೊಟ್ಟೆ ನೋಯುತ್ತದೆ, ಮೂತ್ರ ಹೋದ ಮೇಲೆ ತುಸು ಹಗುರ. ಹಗಲೂ ರಾತ್ರಿ ಶೌಚಾಲಯದ ಓಡಾಟ ತಪ್ಪದು. ಆದರೂ ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಾಣುವುದಿಲ್ಲ.

ಮೂತ್ರಕೋಶದ ಒಳಗನ್ನು ಕಣ್ಣಾರೆ ನೋಡಲು ಮ್ಯಾಕ್ಸಿಮಿಲಿಯನ್ ನಿಟ್ಸೆ 1870ರ ದಶಕದ ಕೊನೆಗೆ ದೀಪವಿರುವ ಸಿಸ್ಟೋಸ್ಕೋಪ್ ತಂದ. ಬಾಲ್ಟಿಮೋರಿನ ಹೊವಾರ್ಡ್ ಕೆಲ್ಲಿ 1890ರ ದಶಕದಲ್ಲಿ ಹೆಂಗಸರಿಗೆಂದೇ ಸರಳ ದಾರಿ ಹುಡುಕಿದ. ರೋಗಿ ಮೊಣಕಾಲೂರಿ ಎದೆ ತಗ್ಗಿಸಿದಾಗ, ತೆರೆದ ಕೊಳವೆಯ ಮೂಲಕ ಗಾಳಿ ನುಗ್ಗಿ ಮೂತ್ರಕೋಶ ಹಿಗ್ಗುತ್ತಿತ್ತು. ವೈದ್ಯ ಹಣೆಗನ್ನಡಿಯಿಂದ ಬೆಳಕು ಹಾಯಿಸಿ ನೋಡುತ್ತಿದ್ದ. ಅದೇ ಊರಿನ ವೈದ್ಯ ಗೈ ಹನ್ನರ್ 1915ರಲ್ಲಿ ಎಂಟು ಮಹಿಳೆಯರ ಬಗ್ಗೆ ಬರೆದ. ಅವರು ಸರಾಸರಿ 17 ವರ್ಷ ನರಳಿದ್ದರು. ಗಾಯ ಚಿಕ್ಕದು, ಮಸುಕು. ಸುಮ್ಮನೆ ನೋಡಿದರೆ ತಪ್ಪಿಹೋಗುತ್ತದೆ, ಮುಟ್ಟಿದರೆ ರಕ್ತ ಜಿನುಗುತ್ತದೆ. ಹನ್ನರ್ ಆ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದ. ಗಾಯ ಕಾಣದ ಕಾಲದಲ್ಲಿ, ಆಮೇಲೂ, ಈ ನೋವನ್ನು ಹೆಂಗಸಿನ ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕಿದ್ದು ವೈದ್ಯಕೀಯದ ದೊಡ್ಡ ಅನ್ಯಾಯ.

1949ರಲ್ಲಿ ಜಾನ್ ಹ್ಯಾಂಡ್ ಇಂಥ ಮೂತ್ರಕೋಶದ ನೋವಿನ 223 ರೋಗಿಗಳ ವಿವರ ಒಟ್ಟುಮಾಡಿದ. ಅರಿವಳಿಕೆ ಕೊಟ್ಟು, ನೀರು ತುಂಬಿಸಿ ಮೂತ್ರಕೋಶವನ್ನು ಹಿಗ್ಗಿಸಿ ನೋಡುವ ಕ್ರಮ ಬಳಕೆಗೆ ಬಂತು. ಗಾಯ ಪತ್ತೆಹಚ್ಚುವಲ್ಲಿ ತುಂಬ ನೆರವಾದದ್ದು ಇದೇ. ನೋವು ತಗ್ಗಿಸಲು ಮೂತ್ರಕೋಶಕ್ಕೆ ಹಾಕುವ ಡಿಎಂಎಸ್‌ಒ ದ್ರಾವಣಕ್ಕೆ ಅಮೆರಿಕದಲ್ಲಿ 1978ರಲ್ಲಿ ಅನುಮತಿ ದೊರೆಯಿತು.

ನಮ್ಮಲ್ಲಿ ಈ ಹೆಸರು ಹೇಳುವ ಮುನ್ನ ಕ್ಷಯವನ್ನು ಶೋಧಿಸಲೇಬೇಕು. ಮೂತ್ರಾಂಗಗಳ ಟಿ.ಬಿ.ಯಲ್ಲೂ ಲಕ್ಷಣಗಳು ಇವೇ, ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಮೂತ್ರಕೋಶ ಕುಗ್ಗಿಹೋಗುತ್ತದೆ. ಆರಂಭದ ಕ್ಯಾನ್ಸರ್ ಕೂಡ ಕೆಂಪು ಮಚ್ಚೆಯಾಗಿ ಕಾಣುವುದರಿಂದ ತುಣುಕು ತೆಗೆದು ಬಯಾಪ್ಸಿ ಮಾಡುತ್ತಾರೆ. ದಕ್ಷಿಣದಲ್ಲಿ ಮೂತ್ರರೋಗ ಚಿಕಿತ್ಸೆಗೆ ಬುನಾದಿ ಹಾಕಿದವುಗಳಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಎಚ್. ಎಸ್. ಭಟ್ ಕಟ್ಟಿದ ವಿಭಾಗವೂ ಒಂದು. 

ಈಗ ಗಾಯವನ್ನು ವಿದ್ಯುತ್ತಿನಿಂದ ಸುಡುತ್ತಾರೆ, ಇಲ್ಲವೇ ಅದರ ಬುಡಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುತ್ತಾರೆ. ಕಾಫಿ, ಕಿತ್ತಳೆ ಹಲವರಲ್ಲಿ ನೋವು ಕೆರಳಿಸುತ್ತವೆ. ಎರಡನ್ನೂ ಬೆಳೆಯುವ, ಸೇಲಂ ಬಳಿಯ ಬೆಟ್ಟದೂರು ಏರ್ಕಾಡಿನ ಮನೆಗಳಲ್ಲಿ ಈ ಪಥ್ಯ ಸುಲಭವಲ್ಲ. ನೋವು ಬೇಗ ಇಳಿದರೂ ಗಾಯ ಮರುಕಳಿಸುವುದು ಸಾಮಾನ್ಯ, ಆಗ ಮತ್ತೆ ಸುಡಬೇಕಾಗುತ್ತದೆ. ಮೂತ್ರಕೋಶವನ್ನೇ ತೆಗೆಯುವ ಶಸ್ತ್ರಕ್ರಿಯೆ ಬೇರೆ ದಾರಿಯೇ ಉಳಿಯದವರಿಗೆ ಮಾತ್ರ.