ಟ್ಯಾಟಿಂಗ್ ಡಾಯ್ಲಿ: ಬರೆದ ನಮೂನೆಯಿಲ್ಲದ ವಿನ್ಯಾಸ

ಸಣ್ಣ ಲಾಳಿಗೆ ಸುತ್ತಿದ ನೂಲಿನಿಂದ ಗಂಟು ಹಾಕುತ್ತ ರಚಿಸುವ ಲೇಸಿಗೆ ಟ್ಯಾಟಿಂಗ್ ಎಂದು ಹೆಸರು. ಹೂದಾನಿ, ತಟ್ಟೆಗಳ ಅಡಿಗೆ ಹಾಸುವ ಡಾಯ್ಲಿಯನ್ನು ಈ ವಿಧಾನದಲ್ಲಿ ಬರೆದಿಟ್ಟ ನಮೂನೆಯಿಲ್ಲದೆಯೂ ರೂಪಿಸಬಹುದು. ಎರಡು ಅರ್ಧಗಂಟುಗಳು ಸೇರಿದ ಜೋಡಿಗಂಟು ಇದರ ಮೂಲ ಘಟಕ. ಗಂಟುಗಳ ಸಾಲನ್ನು ಎಳೆದು ಮುಚ್ಚಿದರೆ ಉಂಗುರ. ಎರಡನೆಯ ಎಳೆ ಬಳಸಿ ತೆರೆದೇ ಬಿಟ್ಟರೆ ಕಮಾನು. ಗಂಟುಗಳ ನಡುವಿನ ಸಡಿಲ ಕುಣಿಕೆಯಾದ ಪಿಕೊ ಅಲಂಕಾರವೂ ಹೌದು, ಪಕ್ಕದ ಭಾಗವನ್ನು ಸೇರಿಸುವ ಕೊಂಡಿಯೂ ಹೌದು.

ವಿನ್ಯಾಸ ನಡುವಿನ ಉಂಗುರದಿಂದ ಸುತ್ತುಸುತ್ತಾಗಿ ಹೊರಕ್ಕೆ ಬೆಳೆಯುತ್ತದೆ. ಆ ಉಂಗುರದಲ್ಲಿ 12 ಪಿಕೊಗಳಿದ್ದರೆ ಮುಂದಿನ ಸುತ್ತಿನಲ್ಲಿ 6 ಅಥವಾ 12 ಎಸಳುಗಳು ಸಮನಾಗಿ ಕೂಡುತ್ತವೆ. ತ್ರಿಜ್ಯ 1 ಸೆಂ.ಮೀ. ಬೆಳೆದಾಗ ಪರಿಧಿ ಸುಮಾರು 6.3 ಸೆಂ.ಮೀ. ಹಿಗ್ಗಬೇಕು. ಗಂಟುಗಳು ಸಾಲದಿದ್ದರೆ ಅಂಚು ಬಟ್ಟಲಿನಂತೆ ಮೇಲೇಳುತ್ತದೆ, ಹೆಚ್ಚಾದರೆ ನೆರಿಗೆಗಟ್ಟುತ್ತದೆ. ಮುಚ್ಚಿದ ಉಂಗುರವನ್ನು ಬಿಚ್ಚುವುದು ಕಷ್ಟವಾದ್ದರಿಂದ ಸುತ್ತಿನ ಆರಂಭದಲ್ಲೇ ಅಳತೆ ನೋಡಿ, ಗಂಟುಗಳ ಲೆಕ್ಕವನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಮುಗಿದ ಡಾಯ್ಲಿಯನ್ನು ಒದ್ದೆ ಮಾಡಿ, ಗುಂಡುಸೂಜಿಗಳಿಂದ ಹರಡಿ ಒಣಗಿಸುತ್ತಾರೆ.

ಯೂರೋಪಿನಲ್ಲಿ ಈ ಕಲೆ 19ನೆಯ ಶತಮಾನದಲ್ಲಿ ಜನಪ್ರಿಯವಾಯಿತು. ತೆರೇಸ್ ದ ದಿಲ್‌ಮಾಂಟ್ ಅವರ 1886ರ ಸೂಜಿಗೆಲಸದ ವಿಶ್ವಕೋಶದಲ್ಲಿ ಟ್ಯಾಟಿಂಗಿಗೆ ಪ್ರತ್ಯೇಕ ಅಧ್ಯಾಯವಿದೆ.