ಸಾಕ್ಷಿ ನುಡಿದವನ ಗತಿ



ಈ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಒಂದು ಶಬ್ದವನ್ನು ಹಿಡಿದುಕೊಂಡು ನಮ್ಮ ಮಾತನ್ನು ಆರಂಭಿಸುತ್ತೇವೆ. ‘ಸಾಕ್ಷಿ’ ಎಂಬುದೇ ಆ ಶಬ್ದ. ಕೋರ್ಟು ಕಚೇರಿಗಳಿಗೆ ಅಲೆದವರಿಗೆಲ್ಲ ಅದು ಪರಿಚಿತವಾದುದು. ನಾವು ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದಾಗ ನಮ್ಮ ಗುರುಗಳು ಅದರ ಅರ್ಥವನ್ನು ಬಿಡಿಸಿ ಹೇಳಿದ್ದರು. ಯಾವನು ಪ್ರತ್ಯಕ್ಷವಾಗಿ, ತನ್ನ ಕಣ್ಣಿನಿಂದಲೇ ಕಂಡಿದ್ದಾನೆಯೋ ಅವನು ಸಾಕ್ಷಿ. ಪಾಣಿನಿಯ ಅಭಿಪ್ರಾಯವೂ ಅದೇ. ಕಿವಿಯಿಂದ ಕೇಳಿದವನು ಸಾಕ್ಷಿಯಲ್ಲ. ಹೀಗಿದ್ದೀತು ಎಂದು ಊಹಿಸಿದವನೂ ಸಾಕ್ಷಿಯಲ್ಲ. ಆದರೆ ಕಂಡಷ್ಟಕ್ಕೇ ಅವನ ಕೆಲಸ ಮುಗಿಯಲಿಲ್ಲ. ಕಂಡುದನ್ನು ಕಂಡಂತೆ ನಾಲ್ಕು ಜನರ ಮುಂದೆ ನುಡಿಯಬೇಕು. ಲೋಕದಲ್ಲಿ ಕಂಡವರು ಬಹಳ, ನುಡಿಯುವವರು ವಿರಳ. ಇದಕ್ಕೆ ಕಾರಣವೇನು? ನುಡಿದವನ ಗತಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ ಕಾರಣ.

ಹೊಲದ ಬದುವಿನ ಜಗಳದಲ್ಲಿ ಸಾಕ್ಷಿ ಹೇಳಿದವನಿಗೆ ಒಂದು ಮನೆಯ ವೈರ ಗಂಟುಬೀಳುತ್ತದೆ. ಮತದ ಹೆಸರಿನಲ್ಲಿ ನಡೆಯುವ ಗಲಭೆಯಲ್ಲಿ ಸಾಕ್ಷಿ ಹೇಳಿದವನಿಗೆ ಎರಡೂ ಕಡೆಯ ವೈರ ಗಂಟುಬೀಳುತ್ತದೆ. ಆ ಕಡೆಯವರು ಇವನನ್ನು ಶತ್ರುವೆಂದು ಕಾಣುತ್ತಾರೆ. ಈ ಕಡೆಯವರು ದ್ರೋಹಿಯೆಂದು ಕರೆಯುತ್ತಾರೆ. ಅಧಿಕಾರದಲ್ಲಿರುವವರಿಗೂ ಅವನು ಬೇಡವಾಗುತ್ತಾನೆ. ಏಕೆಂದರೆ ಅವರು ಮಾಡಬೇಕಾದುದನ್ನು ಮಾಡಲಿಲ್ಲ ಎಂಬುದನ್ನೂ ಅವನು ಕಂಡಿರುತ್ತಾನೆ.

ಕಲ್ಯಾಣದ ಕಥೆಯನ್ನು ನೀವು ಈ ಸಭಾಮಂಟಪದಲ್ಲಿ ನೂರು ಸಲ ಕೇಳಿದ್ದೀರಿ. ಇಂದು ಅದನ್ನು ಹೇಳುವುದಿಲ್ಲ. ಉತ್ತರದೇಶದ ಕಾನಪುರದಲ್ಲಿ ತೊಂಬತ್ತು ವರ್ಷಗಳಿಗೂ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಸಾವಧಾನದಿಂದ ಕೇಳಿರಿ.

ಗಣೇಶ ಶಂಕರ ವಿದ್ಯಾರ್ಥಿ ಎಂಬುವರು 1890ನೆಯ ಇಸವಿ ಅಕ್ಟೋಬರ್ 26ರಂದು ಪ್ರಯಾಗದಲ್ಲಿ ಹುಟ್ಟಿದರು. ತಂದೆ ಗ್ವಾಲಿಯರ್ ಸಂಸ್ಥಾನದ ಒಂದು ಶಾಲೆಯಲ್ಲಿ ಮಾಸ್ತರರು. ಮನೆಯಲ್ಲಿ ಹೇಳಿಕೊಳ್ಳುವಂಥ ಸಿರಿವಂತಿಕೆ ಇರಲಿಲ್ಲ. ‘ವಿದ್ಯಾರ್ಥಿ’ ಎಂಬುದು ಅವರ ಮನೆತನದ ಹೆಸರಲ್ಲ, ತಾವೇ ಇಟ್ಟುಕೊಂಡದ್ದು. ಸಾಯುವ ತನಕ ಕಲಿಯುವವನೇ ಆಗಿರಬೇಕು ಎಂಬ ಭಾವ ಅದರಲ್ಲಿತ್ತು. ಆಚಾರ್ಯ ಮಹಾವೀರಪ್ರಸಾದ ದ್ವಿವೇದಿಯವರ ‘ಸರಸ್ವತಿ’ ಪತ್ರಿಕೆಯಲ್ಲಿ ಕೆಲಸ ಕಲಿತು, 1913ರ ನವೆಂಬರ್ 9ರಂದು ಕಾನಪುರದಲ್ಲಿ ‘ಪ್ರತಾಪ’ ಎಂಬ ಹಿಂದಿ ವಾರಪತ್ರಿಕೆಯನ್ನು ಆರಂಭಿಸಿದರು. 1920ರಲ್ಲಿ ಅದು ದಿನಪತ್ರಿಕೆಯೂ ಆಯಿತು. ಗಿರಣಿಗಳ ಕೂಲಿಗಳು, ತಾಲ್ಲೂಕುದಾರರ ಕೈಕೆಳಗೆ ನರಳುತ್ತಿದ್ದ ಒಕ್ಕಲುಮಕ್ಕಳು ತಮ್ಮ ಅಹವಾಲನ್ನು ಹೊತ್ತುಕೊಂಡು ಆ ಪತ್ರಿಕೆಯ ಬಾಗಿಲಿಗೆ ಬರುತ್ತಿದ್ದರು.

1921ರ ಜನವರಿ 7ರಂದು ರಾಯಬರೇಲಿಯ ಬಳಿ ಮುನ್ಶಿಗಂಜ್ ಎಂಬಲ್ಲಿ ರೈತರ ಮೇಲೆ ಗುಂಡಿನ ಮಳೆಯಾಯಿತು. ‘ಪ್ರತಾಪ’ವು ಅದನ್ನು ನಡೆದಂತೆಯೇ ಬರೆಯಿತು. ಮರಳಿ ಬಂದದ್ದೇನು? ಒಬ್ಬ ತಾಲ್ಲೂಕುದಾರನು ಮಾನಹಾನಿಯ ದಾವೆ ಹೂಡಿದನು, ಸಂಪಾದಕರಿಗೆ ಸೆರೆಮನೆಯಾಯಿತು. 1922ರಲ್ಲಿ ಬಿಡುಗಡೆಯಾಗಿ ಬಂದವರು ಮರುವರ್ಷ ಫತೇಹಪುರದಲ್ಲಿ ಮಾಡಿದ ಒಂದು ಭಾಷಣಕ್ಕಾಗಿ ಪುನಃ ಸೆರೆಮನೆ ಸೇರಿದರು. ಪತ್ರಿಕೆಯಿಂದ ಜಾಮೀನು ಹಣವನ್ನು ಸರಕಾರವು ಮತ್ತೆ ಮತ್ತೆ ಕೇಳಿತು. ಇದು ಅವರಿಗೆ ಬಿದ್ದ ಮೊದಲನೆಯ ಪೆಟ್ಟು, ಅಧಿಕಾರದ ಪೆಟ್ಟು. ಅದನ್ನು ಅವರು ನಿರೀಕ್ಷಿಸಿದ್ದರು, ಸಹಿಸಿದರು.

ಆ ವರ್ಷಗಳಲ್ಲಿಯೇ ಉತ್ತರದೇಶದ ಊರೂರುಗಳಲ್ಲಿ ಹಿಂದು ಮುಸಲ್ಮಾನರ ಹೊಡೆದಾಟಗಳು ಹೆಚ್ಚತೊಡಗಿದವು. 1924ರಲ್ಲಿ ವಿದ್ಯಾರ್ಥಿಯವರು ಧರ್ಮದ ಮರೆಯಲ್ಲಿ ನಡೆಯುವ ಕೃತ್ಯಗಳನ್ನು ಕುರಿತು ‘ಧರ್ಮ ಕೀ ಆಡ್’ ಎಂಬ ಲೇಖನವನ್ನು ಬರೆದರು. ಅದರ ತಾತ್ಪರ್ಯವಿಷ್ಟು: ಸಾಮಾನ್ಯ ಜನರಿಗೆ ಧರ್ಮದ ತಿರುಳು ತಿಳಿಯದು, ಅದರ ಹೆಸರಿನಲ್ಲಿ ಪ್ರಾಣ ಕೊಡುವುದು ಮಾತ್ರ ತಿಳಿದಿದೆ, ಈ ಮುಗ್ಧತೆಯನ್ನು ಕೆಲವು ಚತುರರು ತಮ್ಮ ಬೇಳೆ ಬೇಯಿಸಿಕೊಳ್ಳಲು ಬಳಸುತ್ತಾರೆ. ಪೂಜೆ ನಮಾಜುಗಳನ್ನು ಮಾಡಿ ಪರರನ್ನು ಪೀಡಿಸುವವನಿಗಿಂತ ದೇವರನ್ನೇ ನಂಬದೆ ಪರರ ಸುಖದುಃಖ ವಿಚಾರಿಸುವವನು ಮೇಲು ಎಂದೂ ಅವರು ಅಲ್ಲಿ ಹೇಳಿದರು. ಸದ್ಭಕ್ತರೇ, ಪೀಠದ ಮೇಲೆ ಕುಳಿತ ನಮಗೆ ಇದು ಕಟುವಾದ ಮಾತು. ಆದರೂ ಔಷಧದಂತೆ ನುಂಗಬೇಕಾದ ಮಾತು.

ಕಾಯಿದೆಭಂಗ ಚಳವಳಿಯಲ್ಲಿ ಸೆರೆಯಾಗಿದ್ದ ಅವರು 1931ರ ಮಾರ್ಚ್ ತಿಂಗಳಲ್ಲಿ ಹೊರಗೆ ಬಂದರು. ಅದೇ ತಿಂಗಳು 23ರಂದು ಲಾಹೋರಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವರನ್ನು ಗಲ್ಲಿಗೇರಿಸಿದರು. ಭಗತ್ ಸಿಂಗ್ ಹಿಂದೆ ಕೆಲವು ಕಾಲ ‘ಪ್ರತಾಪ’ದಲ್ಲಿ ಬೇರೊಂದು ಹೆಸರಿನಿಂದ ಕೆಲಸ ಮಾಡಿದ್ದ ಹುಡುಗ. ಮರುದಿನ ಕಾನಪುರದಲ್ಲಿ ಹರತಾಳ. ಅಂಗಡಿ ಮುಚ್ಚಿಸುವ ಒತ್ತಾಯದಿಂದ ಎದ್ದ ಜಗಳ ಹಿಂದು ಮುಸಲ್ಮಾನರ ಗಲಭೆಯಾಗಿ ಹೊತ್ತಿಕೊಂಡಿತು. ಗುಡಿಗಳು ಸುಟ್ಟವು, ಮಸೀದಿಗಳು ಸುಟ್ಟವು. ನೂರಾರು ಜನ ಸತ್ತರು. ಪೊಲೀಸರು ಕೈಕಟ್ಟಿ ನಿಂತಿದ್ದರೆಂದು ಆಮೇಲಿನ ವಿಚಾರಣೆಯಲ್ಲಿ ಅನೇಕರು ನುಡಿದರು.

ಆಗ ವಿದ್ಯಾರ್ಥಿಯವರು ಏನು ಮಾಡಿದರು? ಕಚೇರಿಯಲ್ಲಿ ಕುಳಿತು ಶಾಂತಿಯ ಮನವಿಯೊಂದನ್ನು ಅಚ್ಚು ಹಾಕಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬೀದಿಗೆ ಇಳಿದರು. ಹಿಂದುಗಳ ಮೊಹಲ್ಲಾಗಳಲ್ಲಿ ಸಿಕ್ಕಿಬಿದ್ದಿದ್ದ ಮುಸಲ್ಮಾನ ಸಂಸಾರಗಳನ್ನು, ಹೆಂಗಸರು ಮಕ್ಕಳ ಸಹಿತ, ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು. 25ನೆಯ ತಾರೀಖು, ಮುಸಲ್ಮಾನರ ಕೇರಿಯಲ್ಲಿ ಹಿಂದುಗಳು ಸಿಕ್ಕಿಬಿದ್ದಿದ್ದಾರೆಂದು ಸುದ್ದಿ ಬಂದಿತು, ಅಲ್ಲಿಗೂ ಹೋದರು. ಚೌಬೇ ಗೋಲಾ ಎಂಬಲ್ಲಿ ಗುಂಪು ಮುತ್ತಿತು. ಅವರ ಗುರುತಿದ್ದ ಮುಸಲ್ಮಾನರೇ ಅಡ್ಡ ಬಂದು, ಇವರು ನಮ್ಮವರನ್ನು ಉಳಿಸಿದವರು ಎಂದು ಕೂಗಿ ಹೇಳಿದರಂತೆ, ಓಡಿಹೋಗಿರೆಂದು ಎಳೆದರಂತೆ. ಅವರು ಓಡಲಿಲ್ಲ. ಅಲ್ಲಿಯೇ ಕೊಲೆಯಾದರು. ವಯಸ್ಸು ನಲವತ್ತು. ಎರಡು ದಿನಗಳ ತರುವಾಯ ಆಸ್ಪತ್ರೆಯ ಹೆಣಗಳ ರಾಶಿಯಲ್ಲಿ, ಮುಖ ಗುರುತು ಸಿಗದಂತೆ ಊದಿದ್ದ ಅವರ ಶರೀರವನ್ನು ಉಟ್ಟಿದ್ದ ಖಾದಿಯಿಂದ ಗುರುತಿಸಬೇಕಾಯಿತು. ಇದು ಎರಡನೆಯ ಪೆಟ್ಟು, ಗುಂಪಿನ ಪೆಟ್ಟು.

ಮೂರನೆಯ ಪೆಟ್ಟು ಒಂದು ಉಳಿದಿತ್ತು. ಆಗ ಕರಾಚಿಯಲ್ಲಿ ಸೇರಿದ್ದ ಕಾಂಗ್ರೆಸ್ಸು ಈ ಗಲಭೆಯ ವಿಚಾರಣೆಗೆಂದು ಆರು ಜನರ ಸಮಿತಿಯನ್ನು ನೇಮಿಸಿತು. ಕಾಶಿಯ ಡಾಕ್ಟರ್ ಭಗವಾನದಾಸರು ಅದರ ಅಧ್ಯಕ್ಷರು. ಮುಂದೆ 1955ರಲ್ಲಿ ಭಾರತರತ್ನ ಪದವಿಯನ್ನು ಪಡೆದ ಮಹಾವಿದ್ವಾಂಸರು. ಸಮಿತಿಯಲ್ಲಿ ಹಿಂದುಗಳೂ ಇದ್ದರು, ಮುಸಲ್ಮಾನರೂ ಇದ್ದರು. ಅವರು ಕಾನಪುರದ ಬೆಂಕಿಯನ್ನಷ್ಟೇ ನೋಡದೆ, ಜೊತೆಗೆ ಬಾಳಿದ್ದ ಎರಡು ಜನಾಂಗಗಳ ನಡುವೆ ವೈರ ಬೆಳೆದು ಬಂದ ಬಗೆಯನ್ನೂ ಶೋಧಿಸಿ ದೊಡ್ಡದೊಂದು ವರದಿಯನ್ನು ಬರೆದರು. ಬ್ರಿಟಿಷ್ ಸರಕಾರವು ಆ ವರದಿಯನ್ನೇ ಮುಟ್ಟುಗೋಲು ಹಾಕಿತು. ನೋಡಿದಿರಾ? ಮೊದಲು ಸಾಕ್ಷಿಯ ಪತ್ರಿಕೆಯನ್ನು ಪೀಡಿಸಿದರು. ಆಮೇಲೆ ಅವನ ದೇಹ ಹೋಯಿತು. ಕೊನೆಗೆ ಅವನ ಸಾವಿನ ಸಾಕ್ಷ್ಯವನ್ನೂ ಹೂಳಿದರು.

ಇಂಥ ಮರಣವನ್ನು ಕಂಡು ತಮಗೆ ಅಸೂಯೆಯಾಗುತ್ತದೆ ಎಂಬ ಅರ್ಥದ ಮಾತನ್ನು ಗಾಂಧೀಜಿಯವರು ಆಗ ಬರೆದರು. ಹದಿನೇಳು ವರ್ಷ ತುಂಬುವ ಮೊದಲೇ ಅದು ಅವರ ಪಾಲಿಗೂ ಬಂದಿತು. ದಿಲ್ಲಿಯಲ್ಲಿ ಮುಸಲ್ಮಾನರ ಮೇಲೆ ನಡೆಯುತ್ತಿದ್ದ ಹಿಂಸೆ ನಿಲ್ಲಲೆಂದು 1948ರ ಜನವರಿ 13ರಿಂದ 18ರ ವರೆಗೆ ಉಪವಾಸ ಮಾಡಿದರು. 20ರಂದು ಅವರ ಪ್ರಾರ್ಥನಾ ಸ್ಥಳದಲ್ಲಿ ಬಾಂಬು ಸಿಡಿಯಿತು. 30ರಂದು ಗುಂಡು ಹಾರಿತು. ವಿದ್ಯಾರ್ಥಿಯವರನ್ನು ಕೊಂದ ಗುಂಪು ಒಂದು ಮತದ್ದು. ಗಾಂಧೀಜಿಯವರನ್ನು ಕೊಂದ ಕೈ ಇನ್ನೊಂದು ಮತದ್ದು. ಆದುದರಿಂದ ‘ಇದು ಅವರ ಮತದ ಗುಣ’ ಎಂದು ಬೆರಳು ತೋರಿಸುವ ಅಧಿಕಾರ ಯಾರಿಗೂ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರವೇ ಎಂದು ಕೇಳುತ್ತೀರಿ. ಅಲ್ಲ. ಉತ್ತರ ಐರ್ಲೆಂಡಿನಲ್ಲಿ ಕ್ರಿಸ್ತನನ್ನೇ ಪೂಜಿಸುವ ಎರಡು ಪಂಗಡಗಳು ದಶಕಗಳ ಕಾಲ ಪರಸ್ಪರ ಕೊಂದುಕೊಂಡವು. ಅಲ್ಲಿ ರೋಸ್ಮೆರಿ ನೆಲ್ಸನ್ ಎಂಬ ಹೆಣ್ಣುಮಗಳು ವಕೀಲೆಯಾಗಿದ್ದರು. 1997ರಲ್ಲಿ ಗುಂಪೊಂದು ಹೊಡೆದು ಕೊಂದ ಕ್ಯಾಥೊಲಿಕ್ ತರುಣನೊಬ್ಬನ ಮನೆಯವರ ಪರವಾಗಿ ನಿಂತರು. ಬೆದರಿಕೆಗಳು ಬಂದವು. 1998ರಲ್ಲಿ ಅಮೇರಿಕೆಯ ಶಾಸನಸಭೆಯ ಸಮಿತಿಯ ಮುಂದೆ ಹೋಗಿ ಆ ಬೆದರಿಕೆಗಳ ವಿಷಯ ಹೇಳಿದರು. 1999ರ ಮಾರ್ಚ್ 15ರಂದು ಅವರ ಕಾರಿನ ಕೆಳಗೆ ಇಟ್ಟಿದ್ದ ಬಾಂಬು ಸಿಡಿದು ಸತ್ತರು. ಸರಕಾರದ ಅಂಗಗಳು ಅವರ ರಕ್ಷಣೆಯಲ್ಲಿ ತಪ್ಪಿದವು ಎಂದು 2011ರಲ್ಲಿ ಹೊರಬಂದ ವಿಚಾರಣಾ ವರದಿ ಹೇಳಿತು. ಪಾಕಿಸ್ತಾನದ ಮುಲ್ತಾನಿನಲ್ಲಿ ರಶೀದ್ ರಹಮಾನ್ ಎಂಬ ವಕೀಲರು, ಧರ್ಮನಿಂದೆಯ ಆರೋಪ ಹೊತ್ತು ಯಾರೂ ದಿಕ್ಕಿಲ್ಲದಿದ್ದ ಒಬ್ಬ ಅಧ್ಯಾಪಕರ ವಕಾಲತ್ತು ವಹಿಸಿದರು. ಮುಂದಿನ ವಾಯಿದೆಗೆ ನೀನು ಇರುವುದಿಲ್ಲವೆಂದು ನ್ಯಾಯಾಧೀಶರ ಎದುರಿನಲ್ಲಿಯೇ ಬೆದರಿಸಿದರು. 2014ರ ಮೇ 7ರಂದು ಅವರ ಕಚೇರಿಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಇಂಥವರನ್ನು ಕಾಯಬೇಕೆಂದು ವಿಶ್ವಸಂಸ್ಥೆಯು 1998ರ ಡಿಸೆಂಬರ್ 9ರಂದೇ ಮಾನವ ಹಕ್ಕುಗಳ ರಕ್ಷಕರನ್ನು ಕುರಿತು ಘೋಷಣೆ ಹೊರಡಿಸಿತ್ತು. ಕಾಗದದ ಮೇಲೆ ಬರೆದದ್ದು ಬಾಗಿಲ ಕಾವಲಿಗೆ ಬರಲಿಲ್ಲ.

ದೂರದ ಊರುಗಳ ಮಾತು ಕೇಳುವಾಗ ನಮಗೆ ನೋವಾಗುತ್ತದೆ, ಭಯವಾಗುವುದಿಲ್ಲ. ಈಗ ನಮ್ಮ ಅಂಗಳಕ್ಕೆ ಬನ್ನಿರಿ. ವಚನಸಾಹಿತ್ಯದ ಶೋಧನೆಯಲ್ಲಿ ಆಯುಷ್ಯ ಸವೆಸಿದ ಡಾಕ್ಟರ್ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. ಆ ಬಡಾವಣೆಯ ಹೆಸರು ಕಲ್ಯಾಣನಗರ. ಮತೀಯ ದ್ವೇಷದ ವಿರುದ್ಧ ಬರೆಯುತ್ತಿದ್ದ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಅವರ ಮನೆಯ ಮುಂದೆಯೇ ಕೊಂದರು. ಕಲಬುರ್ಗಿಯವರ ವಿಷಯ ಗಲಭೆಯದಲ್ಲ, ಸಂಶೋಧನೆಯದು. ಆದರೆ ನುಡಿದವನ ಬಾಯಿ ಕಟ್ಟುವ ದಾರಿ ಒಂದೇ. ಇನ್ನೊಂದು ಮಾತನ್ನೂ ನಾವು ಮುಚ್ಚಿಡಬಾರದು. 1989ರಲ್ಲಿ ತಾವು ಬರೆದುದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವರ ಮೇಲೆ ಒತ್ತಡ ತಂದವರು ಪರರಲ್ಲ, ನಮ್ಮ ಸಮಾಜದವರೇ. ಅವರ ಮಾತನ್ನು ಒಪ್ಪುವುದು ಬಿಡುವುದು ಬೇರೆ. ಶಾಸ್ತ್ರಾರ್ಥಕ್ಕೆ ಶಾಸ್ತ್ರಾರ್ಥದಿಂದಲೇ ಉತ್ತರ ಕೊಡುವ ಪರಂಪರೆಯಲ್ಲಿ ಓದಿದ ನಮಗೆ ಆ ನೆನಪು ಇಂದಿಗೂ ತಲೆ ತಗ್ಗಿಸುವಂಥದು.

ಪರರ ತಪ್ಪು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ನಾವು ಈ ಪೀಠಕ್ಕೆ ಬಂದ ಹೊಸತು. ಹತ್ತಿರದ ಒಂದು ಊರಿನಲ್ಲಿ ಮೆರವಣಿಗೆ ಹೋಗುವ ದಾರಿಗಾಗಿ ಎರಡು ಮತದವರಿಗೆ ಜಗಳವಾಗಿ ಒಂದು ಅಂಗಡಿ ಸುಟ್ಟುಹೋಯಿತು. ಆ ಊರಿನ ಶಾಲಾ ಮಾಸ್ತರರೊಬ್ಬರು, ಮೊದಲ ಕಲ್ಲು ಬಿದ್ದದ್ದು ತಮ್ಮ ಕೇರಿಯ ಹುಡುಗರಿಂದಲೇ ಎಂದು ಪೊಲೀಸರ ಮುಂದೆ ಕಂಡುದನ್ನು ಕಂಡಂತೆ ಹೇಳಿದರು. ಅಂದಿನಿಂದ ಅವರ ಮನೆಗೆ ಹಾಲು ಬರುವುದು ನಿಂತಿತು. ಮದುವೆ ಸೀಮಂತಗಳಿಗೆ ಕರೆಯುವುದು ನಿಂತಿತು. ಒಂದು ರಾತ್ರಿ ಅವರು ಮಠಕ್ಕೆ ಬಂದು, “ಅಪ್ಪಾವರೇ, ನಾ ಮಾಡಿದ್ದು ತಪ್ಪೇನ್ರೀ?” ಎಂದು ಕೇಳಿದರು. ತಪ್ಪಲ್ಲ ಎಂದೆವು. ಕಾಲ ಕೆಟ್ಟಿದೆ, ಸ್ವಲ್ಪ ದಿನ ಸುಮ್ಮನಿರಿ ಎಂದೆವು. ವಿಭೂತಿ ಕೊಟ್ಟು ಕಳಿಸಿದೆವು. ವರ್ಷದೊಳಗೆ ಅವರು ವರ್ಗ ಮಾಡಿಸಿಕೊಂಡು ಊರು ಬಿಟ್ಟರು.

ಆ ರಾತ್ರಿ ಅವರು ಬಂದದ್ದು ವಿಭೂತಿಗಾಗಿ ಅಲ್ಲ. ಮರುದಿನ ಹಗಲಿನಲ್ಲಿ, ಊರೆಲ್ಲ ನೋಡುವಂತೆ, ನಾವು ಅವರ ಮನೆಗೆ ಹೋಗಿ ಒಂದು ಹೊತ್ತು ಪ್ರಸಾದ ಸ್ವೀಕರಿಸಿದ್ದರೆ ಸಾಕಾಗಿತ್ತು. ಮುಚ್ಚಿದ ಬಾಗಿಲುಗಳು ತಾವಾಗಿಯೇ ತೆರೆಯುತ್ತಿದ್ದವು. ಆ ನಾಲ್ಕು ಹೆಜ್ಜೆ ನಡೆಯುವ ಧೈರ್ಯ ನಮಗೆ ಇರಲಿಲ್ಲ. ಚೌಬೇ ಗೋಲಾದಲ್ಲಿ ಗುಂಪಿಗೆ ಅಡ್ಡ ಬಂದ ಆ ಮುಸಲ್ಮಾನರ ಹೆಸರು ನಮಗೆ ತಿಳಿಯದು. ಆದರೆ ಅವರನ್ನು ನೆನೆದಾಗಲೆಲ್ಲ ನಮಗೆ ಮಾಸ್ತರರ ಮುಖ ಕಾಣುತ್ತದೆ.

ಕಾನಪುರದ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಇಂದು ಗಣೇಶ ಶಂಕರ ವಿದ್ಯಾರ್ಥಿಯವರ ಹೆಸರಿದೆ. ಒಳ್ಳೆಯದೇ. ಸತ್ತವರಿಗೆ ಹೆಸರಿಡುವುದು ಸುಲಭ, ಹಾರ ಹಾಕುವುದು ಇನ್ನೂ ಸುಲಭ. ಬದುಕಿರುವ ಸಾಕ್ಷಿಗೆ ಬೇಕಾದುದು ಬೇರೆ. ನಿಮ್ಮ ಊರಿನಲ್ಲಿ, ನಿಮ್ಮ ಓಣಿಯಲ್ಲಿ ಹಿಂಸೆಯನ್ನು ಹಿಂಸೆಯೆಂದು ಕರೆದವನೊಬ್ಬ ಇದ್ದರೆ ಅವನ ಮನೆಗೆ ಹಾಲು ನಿಲ್ಲದಂತೆ ನೋಡಿಕೊಳ್ಳಿರಿ. ಅವನು ಕೋರ್ಟಿನ ಮೆಟ್ಟಿಲು ಹತ್ತುವ ದಿನ ಒಬ್ಬನೇ ಹತ್ತದಂತೆ ಇಬ್ಬರು ಜೊತೆಗೆ ಹೋಗಿರಿ. ಅವನನ್ನು ದ್ರೋಹಿಯೆಂದು ಯಾರಾದರೂ ಕರೆದರೆ ಆ ಮಾತು ನಿಮ್ಮ ಬಾಯಿಂದ ಮುಂದಿನ ಮನೆಗೆ ಹೋಗದಿರಲಿ. ಅವನ ಮಾತೆಲ್ಲವನ್ನೂ ನೀವು ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಅವನು ನುಡಿದು ಬದುಕಿರಲಿ ಎಂಬುದಿಷ್ಟೇ ನಮ್ಮ ಮಾತು.

ಮಠವೂ ಇನ್ನು ಮೇಲೆ ರಾತ್ರಿ ಬಂದವರನ್ನು ವಿಭೂತಿ ಕೊಟ್ಟು ಕಳಿಸಿ ಸುಮ್ಮನಾಗುವುದಿಲ್ಲ. ಹಗಲಿನಲ್ಲಿ ಅವರ ಮನೆಗೆ ಬರುತ್ತದೆ. ಈ ಮಾತನ್ನು ನಿಮ್ಮೆಲ್ಲರ ಸಾಕ್ಷಿಯಾಗಿ ಹೇಳಿದ್ದೇವೆ. ನಾವು ಮರೆತರೆ ನೀವು ನೆನಪು ಮಾಡಿಕೊಡಿರಿ.

ಎಲ್ಲರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.