ನೆಲ ಡೊಂಕಾದಲ್ಲಿ ವಿಮಾನ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವು ನೆಪ ಹೇಳುವವರ ಮೇಲೆ ಪ್ರಯೋಗಿಸುತ್ತೇವೆ. ಆದರೆ ನೆಲವೇ ನಿಜವಾಗಿ ಡೊಂಕಾಗಿರುವ ಊರುಗಳೂ ಲೋಕದಲ್ಲಿವೆ. ಅಲ್ಲಿಯೂ ವಿಮಾನಗಳು ಇಳಿಯಲೇಬೇಕಾಗಿದೆ. ಅಂಥ ಊರುಗಳ ಚರಿತ್ರೆ ತಿಳಿಯತಕ್ಕದ್ದಾಗಿದೆ.

ಬೆಳಗಾವಿಯವರಾದ ನಮಗೆ ಈ ಕಷ್ಟದ ಅನುಭವವಿಲ್ಲ. ಪಟ್ಟಣದ ಮೂಡಣಕ್ಕಿರುವ ಸಾಂಬ್ರೆಯಲ್ಲಿ 1942ರಲ್ಲಿ ಬ್ರಿಟಿಷ್ ವಾಯುಪಡೆಯವರು ವಿಮಾನ ನಿಲ್ದಾಣ ಕಟ್ಟಿದಾಗ ನೆಲ ಅವರಿಗೆ ಹಾಸಿದ ಚಾಪೆಯಂತೆ ದೊರಕಿತು. ಅದೇ ತೆಂಕಣದ ಖಾನಾಪುರಕ್ಕೆ ಹೋಗಿ ಪಡುವಣಕ್ಕೆ ತಿರುಗಿದರೆ ಗುಡ್ಡ, ಕಾಡು, ಕಣಿವೆ. ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ದಾಟಿದ ಮೇಲಂತೂ ಘಟ್ಟ ಗೋವೆಯ ಕಡೆಗೆ ಇಳಿದುಬಿಡುತ್ತದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ: ಇಂಥ ನೆಲದಲ್ಲೇ ವಿಮಾನವಿಳಿಸಬೇಕಾಗಿ ಬಂದವರು ಏನು ಮಾಡಿದರು?

ಉತ್ತರ ಸಿಗುವುದು ಘಟ್ಟದ ಕೆಳಗಿನ ಗೋವೆಯನ್ನು 1961ರ ಡಿಸೆಂಬರ್‌ವರೆಗೆ ಆಳಿದ ಪೋರ್ತುಗೀಜರ ಬಳಿಯೇ. ಅಟ್ಲಾಂಟಿಕ್ ಸಾಗರದಲ್ಲಿ ಅವರದೊಂದು ದ್ವೀಪವಿದೆ, ಮಡೀರಾ. ಜ್ವಾಲಾಮುಖಿಯಿಂದ ಎದ್ದ ಆ ದ್ವೀಪದ ನೆತ್ತಿ 1,862 ಮೀಟರ್. ಬೆಟ್ಟದ ಬುಡಕ್ಕೇ ಕಡಲು. ಸಮತಟ್ಟಾದ ನೆಲ ಅಲ್ಲಿ ದುರ್ಲಭ. ಆದಕಾರಣ ಮೊದಲು ನೀರನ್ನೇ ನೆಲವೆಂದು ಬಗೆದರು. 1949ರಿಂದ 1958ರವರೆಗೆ ಇಂಗ್ಲೆಂಡಿನ ಅಕ್ವಿಲಾ ಸಂಸ್ಥೆಯ ನೀರುವಿಮಾನಗಳು ಫುಂಚಾಲ್ ಬಂದರಿನಲ್ಲಿ ಇಳಿಯುತ್ತಿದ್ದವು. ಗೋವೆ ಕೈಬಿಟ್ಟು ಮೂರು ವರ್ಷ ತುಂಬುವುದರೊಳಗೆ, 1964ರ ಜುಲೈ 8ರಂದು, ಕಡಲಂಚಿನ ಬೆಟ್ಟದ ತಪ್ಪಲಲ್ಲಿ ವಿಮಾನ ನಿಲ್ದಾಣ ತೆರೆಯಿತು. ರನ್‌ವೇಯ ಉದ್ದ 1,600 ಮೀಟರ್ ಮಾತ್ರ.

ಬೇರೆಡೆ ವಿಮಾನ ಬಹುದೂರದಿಂದ ನೇರವಾಗಿ ಬಂದು ಇಳಿಯುತ್ತದೆ. ಮಡೀರಾದಲ್ಲಿ ಒಂದು ತುದಿಯಿಂದ ಇಳಿಯುವಾಗ ಬೆಟ್ಟ ಅಡ್ಡವಾಗುವುದರಿಂದ, ಪೈಲಟ್ ಕಡಲ ಮೇಲೆ ಬಂದು ಕೊನೆಯ ಗಳಿಗೆಯಲ್ಲಿ ಬಲಕ್ಕೆ ಹೊರಳಿ, ನೆಲವನ್ನು ಕಣ್ಣಾರೆ ಕಂಡುಕೊಂಡು ಇಳಿಯಬೇಕು. ಅಷ್ಟರಲ್ಲಿ ಬೆಟ್ಟಕ್ಕೆ ಬಡಿದು ಸುಳಿಗಟ್ಟಿದ ಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಅದಕ್ಕೆಂದೇ ಅಲ್ಲಿ ಇಳಿಸುವ ಕ್ಯಾಪ್ಟನ್ನರಿಗೆ ವಿಶೇಷ ತರಬೇತಿ ಕಡ್ಡಾಯ, ಗಾಳಿಗೂ ಮಿತಿಯೊಂದುಂಟು. ಮಿತಿ ಮೀರಿದರೆ ಇಳಿಯುವಂತಿಲ್ಲ.

1977ರ ನವೆಂಬರ್ 19ರ ರಾತ್ರಿ, ಮಳೆಯಲ್ಲಿ, ಪೋರ್ತುಗೀಜ್ ಬೋಯಿಂಗ್ ವಿಮಾನವೊಂದು ಎರಡು ಸಲ ಇಳಿಯಲು ಯತ್ನಿಸಿ ಬಿಟ್ಟಿತು. ಮೂರನೆಯ ಸಲ ಇಳಿಯಿತು. ಆದರೆ ಬಹಳ ಮುಂದೆ ಹೋಗಿ ನೆಲ ಮುಟ್ಟಿತು. ಒದ್ದೆ ರನ್‌ವೇ ಸಾಲದೆ ತುದಿಯಿಂದ ಕೆಳಗುರುಳಿತು. 164 ಜನರಲ್ಲಿ 131 ಜನ ತೀರಿಕೊಂಡರು. ಅನಂತರ ರನ್‌ವೇಯನ್ನು 1,800 ಮೀಟರ್‌ಗೆ ಹೆಚ್ಚಿಸಿದರು. 2000ದಲ್ಲಿ ಕಡಲಂಚಿನಿಂದ 180 ಕಾಂಕ್ರೀಟ್ ಕಂಬಗಳನ್ನೆಬ್ಬಿಸಿ, ಅವುಗಳ ಮೇಲೆ ಸೇತುವೆಯಂತೆ ರನ್‌ವೇ ಹಾಸಿ, 2,781 ಮೀಟರ್ ಮಾಡಿದರು. ದೇವರು ಕೊಡದ ನೆಲವನ್ನು ಮನುಷ್ಯ ಕಂಬದ ಮೇಲೆ ಹೊತ್ತು ನಿಲ್ಲಿಸಿದ!

ಹಾಗಾದರೆ ನೆಲ ಉದ್ದವಾದರೆ ಸಾಕೆ? ನಮ್ಮ ನಾಡಿನದೇ ಆದ ಬಜ್ಪೆ ಇದಕ್ಕೆ ಉತ್ತರ ಹೇಳುತ್ತದೆ. 1951ರಲ್ಲಿ ಆರಂಭವಾದ ಮಂಗಳೂರಿನ ಈ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ; ರನ್‌ವೇ ಮುಗಿದ ಬಳಿಕ ಕಮರಿ. ಹಳೆಯ ರನ್‌ವೇ 1,615 ಮೀಟರ್‌ನಷ್ಟಿತ್ತು. 2006ರಲ್ಲಿ 2,450 ಮೀಟರಿನ ಎರಡನೆಯದು ಬಂತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಆ ಉದ್ದದ ರನ್‌ವೇಯಲ್ಲೇ ಅರ್ಧಕ್ಕಿಂತ ಹೆಚ್ಚು ದೂರ ದಾಟಿದ ಮೇಲೆ ನೆಲ ಮುಟ್ಟಿ, ಕಮರಿಗೆ ಬಿತ್ತು. 158 ಜನ ಸತ್ತರು. ಉಳಿದವರು 8 ಮಂದಿ. ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಸಲ ಹೇಳಿದರೂ ಇಳಿಯುವ ಪ್ರಯತ್ನ ನಿಲ್ಲಲಿಲ್ಲವೆಂದು ತನಿಖೆ ಕಂಡುಕೊಂಡಿತು.

ಇಲ್ಲಿ ನನಗೆ ನಮ್ಮ ವೀರಗಲ್ಲುಗಳ ನೆನಪಾಗುತ್ತದೆ. ಅವು ಹಿಮ್ಮೆಟ್ಟದೆ ಹೋರಾಡಿ ಮಡಿದವನನ್ನು ಹೊಗಳುತ್ತವೆ. ಹಿಮ್ಮೆಟ್ಟು ಎಂಬ ಮಾತಿನಲ್ಲೇ ನಮಗೆ ಅಪಮಾನದ ವಾಸನೆ. ರಣರಂಗದಲ್ಲಿ ಅದು ಸಲ್ಲಬಹುದು. ನೂರಾರು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಬೆಟ್ಟದ ತುದಿಗೆ ಇಳಿಯುವವನಿಗೆ ಸಲ್ಲದು. ಅವನಿಗೆ ಮರಳಿ ಏರುವುದೂ ವಿದ್ಯೆಯೇ. ಕಿರಿಯನು ಅದನ್ನು ಹೇಳಬಲ್ಲವನಾಗಬೇಕು; ಹಿರಿಯನು ಅದನ್ನು ಕೇಳಬಲ್ಲವನಾಗಬೇಕು.

ಪ್ರಯಾಣಿಕರಾದ ನಮಗೂ ಇದರಲ್ಲಿ ಪಾಲಿದೆ. ಮಳೆಗಾಲದಲ್ಲಿ ಮೋಡ ಕವಿದು, ಇಳಿಯಬೇಕಾದ ವಿಮಾನ ಬೇರೆ ಊರಿಗೆ ತಿರುಗಿದರೆ, ಮದುವೆ ತಪ್ಪಿತು, ಕಚೇರಿ ತಪ್ಪಿತು ಎಂದು ಗೊಣಗುತ್ತೇವೆ. ಹಾಗೆ ತಿರುಗಿಸಿದವರಿಗೆ ಮನಸ್ಸಿನಲ್ಲಾದರೂ ನಾವು ಕೈಮುಗಿಯಬೇಕು.